ಲೋಲಾಕ್ಷಿ ಆಂಟಿ ಹೋಗದ ಮದುವೆಗಳು

ಲೋಲಾಕ್ಷಿ ಆಂಟಿಗೆ ಗುರುತು ಪರಿಚಯವಿಲ್ಲದವರ ಮದುವೆಗಳೆಲ್ಲ ಬಾಯಿಪಾಠವಾಗಿದ್ದವು. ಯಾರ ಧಾರೆಯ ಹೊತ್ತಿಗೆ ಹುಡುಗಿಯ ತಂದೆಯ ಕೈ ನಡುಗಿತು, ಯಾರ ಆರತಕ್ಷತೆಯಲ್ಲಿ ಮದುಮಗನ ಪೇಟ ಮೂರು ಸಲ ಜಾರಿತು, ಯಾವ ಛತ್ರದಲ್ಲಿ ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು, ಎಲ್ಲವನ್ನೂ ನಿನ್ನೆ ಅಲ್ಲೇ ಪಂಕ್ತಿಯಲ್ಲಿ ಕೂತು ಉಂಡು ಬಂದವರ ಹಾಗೆ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಬಸವೇಶ್ವರನಗರದ ನಮ್ಮ ರಸ್ತೆಯ ತಿರುವಿನಲ್ಲಿ ತರಕಾರಿ ಗಾಡಿಯ ಹತ್ತಿರ ನಾವಿಬ್ಬರೂ ನಿಂತಿದ್ದೆವು. ಪಕ್ಕದಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬ ಹುಡುಗಿ ಹುರುಳಿಕಾಯಿ ಆರಿಸುತ್ತಿದ್ದಳು. ಆಂಟಿ ಅವಳನ್ನೇ ದಿಟ್ಟಿಸಿ ನೋಡಿ, "ನೀನು ಆಶಾ ಅಲ್ವಾ? ನಿನ್ನ ಮದುವೇಲಿ ನಿಮ್ಮ ಸೋದರಮಾವ ನಿನ್ನ ಎತ್ಕೊಂಡು ಬರೋವಾಗ ಎಡವಿಬಿಟ್ರಲ್ಲ, ಈಗ ಹೇಗಿದಾರೆ? ಕಾಲು ಸರಿ ಹೋಯ್ತಾ?" ಎಂದರು.

ಅವಳಿಗೆ ಗಾಬರಿ. "ಹೂಂ ಆಂಟಿ, ಸರಿ ಹೋಯ್ತು. ನೀವು ಯಾರು ಅಂತ ಗೊತ್ತಾಗ್ಲಿಲ್ಲ... ನಮ್ಮೆಜಮಾನ್ರ ಕಡೆಯವರಾ?"

"ಯಾರ ಕಡೆಯವಳೂ ಅಲ್ಲ ಕಣಮ್ಮ. ನಾನು ಬಂದೇ ಇರ್ಲಿಲ್ಲ," ಎಂದು ನಕ್ಕು, ಸಬ್ಬಸಿಗೆ ಸೊಪ್ಪಿನ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟರು. ಆ ಹುಡುಗಿ ನನ್ನ ಮುಖ ನೋಡಿದಳು. ಅವಳ ಮದುವೆಯ ವಿಡಿಯೋ ತೆಗೆದಿದ್ದವನು ಈ ಆಂಟಿಯ ಮಗ, ಈಗ ಅವನಿಲ್ಲ ಎಂದು ಹುರುಳಿಕಾಯಿಯ ಗಾಡಿಯ ಮುಂದೆ ನಿಂತು ಹೇಗೆ ಹೇಳುವುದು? ಸುಮ್ಮನೆ ನಕ್ಕು ಆಂಟಿಯ ಹಿಂದೆ ಓಡಿದೆ.

ನಾನೂ ನನ್ನ ಗಂಡನೂ ಅವರ ಮನೆಯ ಮಹಡಿಯ ಪೋರ್ಷನ್ನಿಗೆ ಬಾಡಿಗೆಗೆ ಬಂದಾಗ ಆ ಮಗ ಪ್ರಸನ್ನ ತೀರಿಹೋಗಿ ಒಂದು ವರ್ಷವಾಗಿತ್ತು. ವಿಜಯನಗರದ ಸ್ಟುಡಿಯೋ ಒಂದರಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋ ತೆಗೆದು ಎಡಿಟ್ ಮಾಡಿ ಡಿವಿಡಿ ಮಾಡಿಕೊಡುವುದು ಅವನ ಕೆಲಸವಾಗಿತ್ತು. ಇಪ್ಪತ್ತೊಂಬತ್ತು ವಯಸ್ಸು. ಡೆಂಗ್ಯೂ ಬಂದು ಐದನೇ ದಿನಕ್ಕೆ ಮುಗಿದುಹೋದ. ಇದನ್ನು ನನಗೆ ಹೇಳಿದವನು ಮನೆ ತೋರಿಸಿದ ಬ್ರೋಕರ್. ಆಂಟಿ ಮೊದಲ ಭೇಟಿಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೋಟರ್ ಆನ್ ಮಾಡಿ ಮರೆಯೋ ಅಭ್ಯಾಸ ಏನಾದ್ರೂ ಇದೆಯಾ?"

ಕುಳ್ಳಗೆ, ಗುಂಡಗೆ ಇದ್ದರು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಒಂದು ಕನ್ನಡಕ, ಕಣ್ಣಿಗೆ ಇನ್ನೊಂದು. ತಿಪಟೂರಿನ ಕಡೆಯಿಂದ ಮದುವೆಯಾಗಿ ಬಂದವರು. ಓದಿದ್ದು ಎಸ್ಸೆಸ್ಸೆಲ್ಸಿ. ಅಡುಗೆಮನೆಯಲ್ಲಿ ಅವರು ಗಂಡನಿಗೆ "ರೊಟ್ಟಿ ಆರೋಗ್ತಿದೆ, ಬನ್ರೀ" ಎಂದರೆ ಮೇಲಿದ್ದ ನಾವೂ ಎದ್ದು ಇಳಿಯಬೇಕು ಅನ್ನಿಸುತ್ತಿತ್ತು, ಅಂಥ ಗಂಟಲು. ಗಂಡ ಶಿವರುದ್ರಯ್ಯನವರು ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಮಾತು ಬಹಳ ಕಡಿಮೆ. ಮೆಟ್ಟಿಲಿನ ಪಕ್ಕಕ್ಕಿದ್ದ ಪ್ರಸನ್ನನ ಕೋಣೆಯೊಳಗೆ ಅವನು ಹೋದ ದಿನದಿಂದ ಅವರು ಕಾಲಿಟ್ಟಿರಲಿಲ್ಲ. ಆ ಬಾಗಿಲು ತೆರೆದಿದ್ದರೆ ಹಜಾರದಿಂದ ಬಚ್ಚಲಿಗೆ ಹೋಗುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಮಗಳು ವೀಣಾ ಮಲ್ಲತ್ತಹಳ್ಳಿಯಲ್ಲಿದ್ದಳು. ಭಾನುವಾರ ಬಂದು ಹೋಗುತ್ತಿದ್ದಳು.

ನಾನು ಹತ್ತಿರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಎಂದು ಗೊತ್ತಾದ ವಾರದಲ್ಲೇ ಆಂಟಿ ಕೈಯಲ್ಲೊಂದು ಚೀಟಿ ಹಿಡಿದು ಮೇಲೆ ಬಂದರು. ಚೀಟಿಯಲ್ಲಿ ಇಂಗ್ಲಿಷಿನ ಮೂರು ಅಕ್ಷರ: ಐ, ಎಸ್, ಓ.

"ಇದೇನು ಸುಮಾ? ಪ್ರಸನ್ನನ ಹಾರ್ಡ್ ಡಿಸ್ಕ್ ತುಂಬಾ ಎಲ್ಲಾದಕ್ಕೂ ಬಾಲದಲ್ಲಿ ಇದೇ ಇದೆ. ಒತ್ತಿದ್ರೆ, ಯಾವುದರಲ್ಲಿ ತೆಗೀಲಿ ಅಂತ ನನ್ನನ್ನೇ ಕೇಳುತ್ತೆ. ನನಗೆ ಗೊತ್ತಿದ್ರೆ ಅದನ್ನ್ಯಾಕೆ ಒತ್ತುತ್ತಿದ್ದೆ?"

ನಾನು ಕೆಳಗೆ ಹೋಗಿ ಪ್ರಸನ್ನನ ಕೋಣೆಯ ಕಂಪ್ಯೂಟರಿನಲ್ಲಿ ನೋಡಿದೆ. ತೊಂಬತ್ತರ ಹತ್ತಿರ ಫೈಲುಗಳು. ಹೆಸರು ಬಿಟ್ಟರೆ ಎಲ್ಲ ಒಂದೇ ಥರ: ಆಶಾ ಮತ್ತು ಕಿರಣ್, ನಾಗವೇಣಿ ಮತ್ತು ಮಹೇಶ್, ಹೀಗೆ. ಡಿವಿಡಿ ಕೊಡುವ ಮುಂಚೆ ಪ್ರಸನ್ನ ಪ್ರತಿ ಡಿಸ್ಕನ್ನೂ ಇದ್ದದ್ದು ಇದ್ದ ಹಾಗೆ ಒಂದೇ ಫೈಲು ಮಾಡಿ ಎತ್ತಿಟ್ಟಿದ್ದ. ಯಾರಾದರೂ ಡಿಸ್ಕ್ ಕಳೆದುಕೊಂಡು ಬಂದರೆ ಮತ್ತೆ ಅದರಿಂದಲೇ ಹೊಸದು ಮಾಡಿಕೊಡಬಹುದು. ಇದಕ್ಕೆ ಡಿಸ್ಕ್ ಇಮೇಜ್ ಅಂತಾರೆ ಎಂದು ಆಂಟಿಗೆ ವಿವರಿಸಿದೆ. ಅವರು ತಕ್ಷಣ, "ಅಚ್ಚು ಅನ್ನು. ಸಂಕ್ರಾಂತಿ ಸಕ್ಕರೆ ಅಚ್ಚು ಇದ್ದ ಹಾಗೆ. ಅಚ್ಚು ಇದ್ರೆ ಎಷ್ಟು ಬೇಕಾದ್ರೂ ತೆಗೀಬಹುದು," ಎಂದರು. ಆಮೇಲೆ ನಮ್ಮಿಬ್ಬರಿಗೂ ಅದು ಅಚ್ಚೇ ಆಯಿತು.

ಒಂದು ಅಚ್ಚನ್ನು ಪ್ಲೇಯರ್ ಕಿಟಕಿಯೊಳಕ್ಕೆ ಎಳೆದು ಹಾಕಿದೆ. ಡಿಸ್ಕ್ ಇಲ್ಲದೆಯೇ ಡಿವಿಡಿ ಶುರುವಾಯಿತು. ಗುಲಾಬಿ ಹೂವಿನ ನಡುವೆ ಹುಡುಗ ಹುಡುಗಿಯ ಹೆಸರು ಬಂತು. ಓಲಗದ ಸದ್ದು ಕಿವಿಗೆ ಅಪ್ಪಳಿಸಿತು. ಪ್ರಸನ್ನನ ಫೋಟೋ ಏನಾದರೂ ಇರಬಹುದೇನೋ ಎಂಬ ಆಸೆಯಿಂದ ಆಂಟಿ ಅಲ್ಲಿ ಕೂತಿದ್ದರು. ಮುಂದಕ್ಕೆ ಓಡಿಸಿ ನೋಡಿದರೂ ಬರೀ ಯಾರದೋ ಮದುವೆ. ನಾನು ನಿಲ್ಲಿಸೋಣ ಎಂದು ಕೈ ಮುಂದೆ ಮಾಡಿದೆ. ಆಗ ತಾಳಿ ಕಟ್ಟುವ ಹೊತ್ತು ಬಂತು, ಓಲಗದ ಏರು ಇಳಿಯಿತು, ಪರದೆಯ ಈಚೆಯಿಂದ, ತೀರಾ ಹತ್ತಿರದಿಂದ ಒಂದು ಗಂಡು ದನಿ ಕೇಳಿಸಿತು:

"ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಹುಡುಗಿ ಮುಖ ಕಾಣ್ತಿಲ್ಲ."

ಆಂಟಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ನೋವಾಯಿತು. ಬೇರೆ ಕಡೆಯೆಲ್ಲ ಹಾಡು ತುಂಬುತ್ತಿದ್ದ ಪ್ರಸನ್ನ, ತಾಳಿ ಕಟ್ಟುವಾಗ ಮತ್ತು ಹೆಣ್ಣು ಒಪ್ಪಿಸಿಕೊಡುವಾಗ ಮಾತ್ರ ಅಲ್ಲಿನ ಸದ್ದನ್ನೇ ಬಿಡುತ್ತಿದ್ದನಂತೆ. ಹಾಗೆ ಬಿಟ್ಟದ್ದರಲ್ಲಿ ಅವನೂ ಉಳಿದುಕೊಂಡಿದ್ದ.

ಆವತ್ತಿನಿಂದ ಅವರ ದಿನಚರಿಯೇ ಬದಲಾಯಿತು. ಹನ್ನೊಂದು ಗಂಟೆಗೆ ಅಡುಗೆ ಮುಗಿಸಿ, ಕೈ ಒರೆಸಿಕೊಂಡು, ಮಗನ ಕೋಣೆಯಲ್ಲಿ ಕೂತು ಒಂದು ಮದುವೆ ಹಾಕಿಕೊಳ್ಳುವುದು. ಮುಂದಕ್ಕೆ ಓಡಿಸಿ ನೋಡುವ ಮಾತೇ ಇಲ್ಲ. "ಓಡಿಸಿದ್ರೆ ಎಲ್ಲಾದ್ರೂ ತಪ್ಪಿಹೋಗುತ್ತೆ. ಅವನೇನು ಗಂಟೆ ಹೊಡೆದು ಮಾತಾಡ್ತಾನಾ?" ಎರಡೂವರೆ ಗಂಟೆಯ ಮದುವೆಯಲ್ಲಿ ಸಿಗುತ್ತಿದ್ದುದು ಮೂರೋ ನಾಲ್ಕೋ ಅರ್ಧಂಬರ್ಧ ಮಾತು. "ಲೈಟು ಎತ್ತು." "ಅಕ್ಕ, ಸೆರಗು." "ಒಂದ್ನಿಮಿಷ, ಒಂದ್ನಿಮಿಷ." ಅಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ, ಯಾವ ಜೋಡಿ, ಎಷ್ಟನೇ ನಿಮಿಷ ಎಂದು ಬರೆದಿಡುತ್ತಿದ್ದರು. ಕಾಯುತ್ತಾ ಕೂತಾಗ ಬೇರೆ ಏನು ಮಾಡುವುದು? ಮದುವೆಯನ್ನೇ ನೋಡುತ್ತಿದ್ದರು. ಹಾಗಾಗಿಯೇ ಆಶಾಳ ಸೋದರಮಾವನ ಕಾಲು ಅವರಿಗೆ ಗೊತ್ತಿದ್ದದ್ದು.

ಒಂದು ದಿನ ಅವರಿಗೆ ಇದನ್ನೆಲ್ಲ ಗಂಡನಿಗೆ ಕೇಳಿಸಬೇಕು ಅನ್ನಿಸಿತು. "ಅವರು ಈ ಕೋಣೆಗಂತೂ ಬರಲ್ಲ. ಹಜಾರದ ಟೀವೀಲಿ ಬಂದ್ರೆ ಎದ್ದು ಹೋಗೋಕಾಗಲ್ಲ, ನ್ಯೂಸ್ ನೋಡ್ತಾ ಕೂತಿರ್ತಾರಲ್ಲ," ಎಂದು ಲೆಕ್ಕ ಹಾಕಿದರು. ವೀಣಾ ಒಂದು ಪೆನ್‌ಡ್ರೈವ್ ತಂದುಕೊಟ್ಟಳು. ಆ ಭಾನುವಾರ ಸಂಜೆಯೇ ಆಂಟಿ ನನ್ನನ್ನು ಕೆಳಗೆ ಕರೆದರು.

"ಮೂವತ್ತೆರಡು ಜಿಬಿ ಪೂರ್ತಿ ಖಾಲಿ ಬಿದ್ದಿದೆ ಕಣೇ. ನಮ್ಮದು ನಾಲ್ಕೂವರೆ. ಫೈಲು ದೊಡ್ಡದಾಯ್ತು, ಹಿಡಿಸಲ್ಲ ಅಂತಿದೆ. ಏನರ್ಥ ಇದಕ್ಕೆ?"

"ಇದು ಹಳೇ ಥರದ ವ್ಯವಸ್ಥೆ ಆಂಟಿ. ಫ್ಯಾಟ್ ತರ್ಟಿಟು ಅಂತಾರೆ. ಒಟ್ಟು ಜಾಗ ಎಷ್ಟೇ ಇದ್ರೂ, ಒಂದೊಂದು ಫೈಲು ನಾಲ್ಕು ಜಿಬಿ ದಾಟಬಾರದು."

"ಹೆಸರು ನೋಡಿದ್ರೆ ಫ್ಯಾಟು, ನಾಲ್ಕು ತುತ್ತಿನ ಮೇಲೆ ಇಳಿಯಲ್ಲ ಅನ್ನುತ್ತೆ," ಎಂದು ಅವರು ನಕ್ಕರು. ನಾನೂ ನಕ್ಕೆ. ಪೆನ್‌ಡ್ರೈವನ್ನು ಪೂರ್ತಿ ಅಳಿಸಿ ಬೇರೆ ರೀತಿಗೆ ಫಾರ್ಮ್ಯಾಟ್ ಮಾಡಿದರೆ ದೊಡ್ಡ ಫೈಲೂ ಹಿಡಿಯುತ್ತದೆ, ನಾಳೆ ಮಾಡೋಣ ಎಂದು ಮೇಲೆ ಬಂದೆ.

ನಾಳೆ ಎಂದರೆ ಸೋಮವಾರ. ಎಂಟೂಕಾಲಿಗೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ತೆಗೆಯುತ್ತಿದ್ದೆ. ಆಂಟಿ ಗೇಟಿನ ಹತ್ತಿರ ನಿಂತಿದ್ದರು. "ನೀನು ಬಾಯಲ್ಲಿ ಹೇಳು ಸಾಕು, ನಾನೇ ಮಾಡ್ಕೋತೀನಿ. ಇವತ್ತು ಮಧ್ಯಾಹ್ನ ಅವರು ಮನೇಲೇ ಇರ್ತಾರೆ."

ನಾನು ಹೇಳಿದೆ. ಗಾಡಿ ಸ್ಟಾರ್ಟ್ ಮಾಡಿಕೊಂಡೇ ಹೇಳಿದೆ. "ಡ್ರೈವ್‌ಗಳ ಸಾಲಲ್ಲಿ ಕೊನೇಲಿ ಕಾಣುತ್ತಲ್ಲ, ಅದೇ ಪೆನ್‌ಡ್ರೈವ್. ಅದರ ಮೇಲೆ ಬಲಗಡೆ ಬಟನ್ ಒತ್ತಿ, ಫಾರ್ಮ್ಯಾಟ್ ಅಂತ ಬರುತ್ತೆ. ಕ್ವಿಕ್ ಅನ್ನೋ ಕಡೆ ಟಿಕ್ ತೆಗೀರಿ, ನಿಧಾನ ಆದ್ರೂ ಸರಿಯಾಗಿ ಆಗ್ಲಿ. ಏನೋ ಎಚ್ಚರಿಕೆ ಕೊಡುತ್ತೆ. ಹೆದರ್ಕೋಬೇಡಿ, ಓಕೆ ಕೊಡಿ."

ಹಿಂದಿನ ಸಂಜೆ ಪೆನ್‌ಡ್ರೈವ್ ಕೊನೆಯಲ್ಲಿ ಇದ್ದದ್ದು ನಿಜ. ಆದರೆ ಆ ಬೆಳಿಗ್ಗೆ ಆಂಟಿ ಪೆನ್‌ಡ್ರೈವನ್ನು ಮೊದಲು ಚುಚ್ಚಿ, ಹಾರ್ಡ್ ಡಿಸ್ಕನ್ನು ಆಮೇಲೆ ಹಾಕಿದ್ದರು. ಸಾಲಿನಲ್ಲಿ ಕೊನೆಗೆ ಬಂದದ್ದು ಹಾರ್ಡ್ ಡಿಸ್ಕ್.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಫಾರ್ಮ್ಯಾಟ್ ಮಾಡುವ ಅಗತ್ಯವೇ ಇರಲಿಲ್ಲ. ಡಿವಿಡಿಯ ಅಚ್ಚನ್ನು ಬಿಚ್ಚಿದರೆ ಒಳಗೆ ಇಡೀ ಮದುವೆ ಒಂದೊಂದು ಜಿಬಿಯ ತುಂಡುಗಳಾಗಿಯೇ ಇರುತ್ತದೆ. ಆ ತುಂಡುಗಳನ್ನು ಒಂದೊಂದಾಗಿ ಹಾಕಿದ್ದರೆ ಆ ಪೆನ್‌ಡ್ರೈವ್ ಚಕಾರ ಎತ್ತದೆ ಹಿಡಿಸಿಕೊಳ್ಳುತ್ತಿತ್ತು, ಟೀವಿಯೂ ತೋರಿಸುತ್ತಿತ್ತು. ನನಗದು ಗೊತ್ತಿತ್ತು. ಪಕ್ಕದಲ್ಲಿ ಕೂತು ತೋರಿಸಿಕೊಡಲು ಹತ್ತು ನಿಮಿಷ ಬೇಕಾಗಿತ್ತು. ಪ್ರಾರ್ಥನೆಯ ಗಂಟೆಗೆ ತಡವಾಗುತ್ತದೆಂದು ನಾನು ಬಾಯಲ್ಲಿ ಹೇಳಿ ಹೊರಟೆ.

ನಾಲ್ಕು ಗಂಟೆಗೆ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ಆಂಟಿ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ಪರದೆಯ ಮೇಲೆ ಹಸಿರು ಪಟ್ಟಿ ಮುಕ್ಕಾಲು ದಾಟಿತ್ತು.

"ಬಾ ಬಾ. ಇನ್ನು ಸ್ವಲ್ಪಾನೇ ಇದೆ ಕಣಮ್ಮ. ಊಟಕ್ಕೂ ಎದ್ದಿಲ್ಲ ನಾನು, ಮಧ್ಯದಲ್ಲಿ ಏನಾದ್ರೂ ಕೇಳಿದ್ರೆ ಅಂತ."

ಅಷ್ಟು ಸಣ್ಣ ಪೆನ್‌ಡ್ರೈವಿಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ. ನಾನು ಮೇಜಿನ ಮೇಲೆ ನೋಡಿದೆ. ಪೆನ್‌ಡ್ರೈವ್ ತಣ್ಣಗೆ ಕೂತಿತ್ತು. ಹಾರ್ಡ್ ಡಿಸ್ಕಿನ ನೀಲಿ ದೀಪ ಪಟಪಟನೆ ಮಿನುಗುತ್ತಿತ್ತು. ವೈರನ್ನು ಕಿತ್ತೆ.

"ಅಯ್ಯೋ, ಯಾಕೆ ಕಿತ್ತೆ? ಇನ್ನೇನು ಆಗಿತ್ತಲ್ಲ?"

ಇಷ್ಟು ಹೊತ್ತು ಅಳಿಸುತ್ತಿದ್ದದ್ದು ಪೆನ್‌ಡ್ರೈವನ್ನಲ್ಲ, ಮದುವೆಗಳಿದ್ದ ಹಾರ್ಡ್ ಡಿಸ್ಕನ್ನು ಎಂದು ಹೇಳಿದೆ. ಅವರು ನಿಧಾನಕ್ಕೆ, "ನೀನು ಕೊನೇದು ಅಂದಿದ್ದೆ. ನಾನು ಕೊನೇದಕ್ಕೇ ಮಾಡ್ದೆ," ಎಂದರು. ನನ್ನ ಮೇಲೆ ತಪ್ಪು ಹೊರಿಸುವ ದನಿಯಲ್ಲ ಅದು. ತಾನು ಎಲ್ಲಿ ತಪ್ಪಿದೆ ಎಂದು ಹುಡುಕುವ ದನಿ. ನಾನು ಅಳತೊಡಗಿದೆ. ಅವರು ಅಳಲಿಲ್ಲ. "ಹೋಗು, ಕೈಕಾಲು ತೊಳ್ಕೊಂಡು ಕಾಫಿ ಕುಡಿ. ಬೆಳಿಗ್ಗೆ ಹೋದವಳು," ಎಂದು ಎದ್ದು ಕಂಪ್ಯೂಟರ್ ಮೇಲೆ ಬಟ್ಟೆ ಮುಚ್ಚಿದರು.

ಹಾರ್ಡ್ ಡಿಸ್ಕನ್ನು ರಾಜಾಜಿನಗರದಲ್ಲಿ ಅಳಿಸಿಹೋದದ್ದನ್ನು ವಾಪಸ್ ತೆಗೆಯುವವರ ಹತ್ತಿರ ಒಯ್ದೆ. ಐದು ದಿನ ಇಟ್ಟುಕೊಂಡು, "ಕ್ವಿಕ್ ಮಾಡಿದ್ರೆ ಏನಾದ್ರೂ ಸಿಗ್ತಿತ್ತು ಮೇಡಂ. ಕೊನೇಲಿ ಉಳಿದಿರೋದು ಮೊದಲಿಂದಲೂ ಖಾಲಿ ಇದ್ದ ಜಾಗ, ಫೈಲು ಇದ್ದ ಭಾಗ ಪೂರ್ತಿ ಒರೆಸಿಬಿಟ್ಟಿದೆ. ಬರೀ ಸೊನ್ನೆ," ಎಂದರು. ಪ್ರಸನ್ನ ಕೆಲಸ ಮಾಡುತ್ತಿದ್ದ ಸ್ಟುಡಿಯೋಗೆ ಹೋದರೆ ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಸ್ಟುಡಿಯೋದವರು ಮುಚ್ಚಿಕೊಂಡು ಊರಿಗೆ ಹೋಗಿದ್ದರು.

ಹದಿನೈದು ದಿನ ಆಂಟಿಯ ಗಂಟಲು ಮಹಡಿಗೆ ಕೇಳಿಸಲಿಲ್ಲ. ಬೇರೆ ಮನೆ ನೋಡಿಕೊಳ್ಳೋಣ ಎಂದು ನಾನು ಗಂಡನ ಹತ್ತಿರ ಹೇಳಿದ್ದೆ. ಅಷ್ಟರಲ್ಲಿ ಒಂದು ಶನಿವಾರ ಸಂಜೆ ಆಂಟಿ ನೋಟ್‌ಬುಕ್ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಅಚ್ಚು ಹೋಯ್ತು ಸರಿ. ಅಚ್ಚಲ್ಲಿ ತೆಗೆದದ್ದು ಎಲ್ಲರ ಮನೇಲೂ ಇರುತ್ತಲ್ಲ?" ಎಂದರು. "ಎಲ್ಲರ ಹೆಸರೂ ಇದೆ ನನ್ನ ಹತ್ರ. ಯಾವ ಛತ್ರ ಅಂತ ಗೊತ್ತು. ಮನೆ ಕೇಳ್ಕೊಂಡು ಹೋದ್ರಾಯ್ತು. ನಿನ್ನ ಸ್ಕೂಟರಲ್ಲಿ ಭಾನುವಾರ ಭಾನುವಾರ ಕರ್ಕೊಂಡು ಹೋಗ್ತೀಯಾ?"

ಹೀಗೆ ಶುರುವಾಯಿತು. ಛತ್ರದ ಮ್ಯಾನೇಜರುಗಳ ಹತ್ತಿರ ಹಳೇ ಬುಕಿಂಗ್ ಪುಸ್ತಕದಿಂದ ಫೋನ್ ನಂಬರ್ ಕೇಳುವುದು, ಬೈಸಿಕೊಳ್ಳುವುದು, ಮತ್ತೆ ಕೇಳುವುದು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗ ಇತ್ತು. ಡಿಸ್ಕ್ ಸಿಕ್ಕ ಮನೆಯಲ್ಲೇ ಕೂತು ಅಚ್ಚು ತೆಗೆದುಕೊಂಡು ಡಿಸ್ಕ್ ವಾಪಸ್ ಕೊಟ್ಟುಬರುತ್ತಿದ್ದೆವು. ಎಷ್ಟೋ ಮನೆಗಳಲ್ಲಿ ಡಿಸ್ಕೇ ಇರಲಿಲ್ಲ. ಇದ್ದ ಎಷ್ಟೋ ಡಿಸ್ಕು ಗೀರು ಬಿದ್ದು ಅರ್ಧಕ್ಕೇ ನಿಲ್ಲುತ್ತಿದ್ದವು.

ವಿಜಯನಗರದಲ್ಲಿ ನಾಗವೇಣಿಯ ಮನೆಗೆ ಹೋದಾಗ ಅವಳು ಬಾಗಿಲಲ್ಲೇ ನಿಂತು ನಮ್ಮ ಮಾತು ಕೇಳಿದಳು. ಮಹೇಶನಿಂದ ಬೇರೆಯಾಗಿ ತಾಯಿಯ ಮನೆಗೆ ಬಂದು ಎರಡು ವರ್ಷವಾಗಿತ್ತಂತೆ. ಒಳಗೆ ಹೋಗಿ ಡಿಸ್ಕ್ ತಂದು ಆಂಟಿಯ ಕೈಗಿಟ್ಟು, "ತಗೊಂಡು ಹೋಗಿ ಆಂಟಿ. ವಾಪಸ್ ತರಬೇಡಿ. ಆ ಮದುವೇನ ಯಾರಾದ್ರೂ ಕೂತ್ಕೊಂಡು ನೋಡ್ತಾರೆ ಅಂದ್ರೆ ನನಗೆ ಒಂಥರಾ ಆಗುತ್ತೆ," ಎಂದಳು.

ಆಂಟಿ ಅವಳ ಕೈ ಬಿಡಲಿಲ್ಲ. "ನಿನ್ನ ನೋಡಲ್ಲ ಕಣಮ್ಮ. ಕಣ್ಣು ಮುಚ್ಕೊಂಡು ನನ್ನ ಮಗನ್ನ ಮಾತ್ರ ಕೇಳ್ತೀನಿ."

ಮಾತು ಕೊಟ್ಟ ಹಾಗೆಯೇ ನಡೆದುಕೊಂಡರು. ಆ ಒಂದು ಮದುವೆ ಹಾಕಿದಾಗ ಪರದೆಯ ಮೇಲೆ ಟವೆಲ್ ಇಳಿಬಿಟ್ಟು ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಿನ್ನಿಪೇಟೆಯಲ್ಲಿ ಒಬ್ಬ ವಯಸ್ಸಾದವರು ಇದ್ದರು. ಮಗಳ ಮದುವೆಯಾದ ಆರು ತಿಂಗಳಿಗೆ ಅವರ ಹೆಂಡತಿ ತೀರಿಕೊಂಡಿದ್ದರು. ಡಿಸ್ಕನ್ನು ಆಮೇಲೆ ಯಾರೂ ಹಾಕಿರಲಿಲ್ಲ. ಕವರೂ ಬಿಚ್ಚಿರಲಿಲ್ಲ. ಅಚ್ಚು ತೆಗೆದಾದ ಮೇಲೆ ಸರಿಯಾಗಿ ಬಂದಿದೆಯಾ ನೋಡಲು ನಾನು ಅದನ್ನು ಹಾಕಿದೆ. ಅವರೂ ಕುರ್ಚಿ ಎಳೆದುಕೊಂಡು ಬಂದು ಕೂತರು. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಮದುಮಗಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಕ್ಯಾಮೆರಾದ ಹಿಂದಿನಿಂದ ಕಟ್ಟಿದ ಮೂಗಿನ ದನಿ ಬಂತು: "ಅಮ್ಮ, ಸಾಕು ಅತ್ತಿದ್ದು. ನನ್ನ ನೋಡಿ ಒಂದ್ಸಲ ನಗಿ." ಆಕೆ ತಲೆಯೆತ್ತಿ ನೇರ ನಮ್ಮನ್ನೇ ನೋಡಿ, ಒದ್ದೆ ಮುಖದಲ್ಲೇ ನಕ್ಕುಬಿಟ್ಟರು.

ಆ ಯಜಮಾನರು, "ನಿಮ್ಮ ಹುಡುಗ ನಗಿಸಿದ್ನಲ್ಲಮ್ಮ ಅವಳನ್ನ," ಎಂದರು. ಆಂಟಿ ಅವತ್ತು ಅತ್ತರು. ಅಷ್ಟು ದಿನಕ್ಕೆ ಮೊದಲ ಸಲ.

ಒಂದು ಮಾತು ನಾನು ಅವರಿಗೆ ಎಂದೂ ಹೇಳಲಿಲ್ಲ. ಕೆಲವು ಡಿಸ್ಕುಗಳಲ್ಲಿ ಅವರು "ಇದೇ, ಇದೇ ನೋಡು" ಎಂದ ದನಿ ನನಗೆ ಬೇರೆ ಯಾರದೋ ಅನ್ನಿಸುತ್ತಿತ್ತು. ಸ್ಟಿಲ್ ಫೋಟೋ ತೆಗೆಯುವವನದ್ದೋ, ಹುಡುಗನ ಕಡೆಯ ಯಾರದೋ ಇರಬಹುದು. ಇನ್ನು ಕೆಲವು ಕಡೆ ನನಗೆ ಓಲಗ ಬಿಟ್ಟು ಏನೂ ಕೇಳಿಸದ ಜಾಗದಲ್ಲಿ ಅವರು ತಟ್ಟನೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಸದ್ದು ಏರಿಸಿದರೆ ನಿಜಕ್ಕೂ ಪ್ರಸನ್ನ ಅಲ್ಲಿರುತ್ತಿದ್ದ. ಹಾಗಾಗಿ ನನ್ನ ಕಿವಿಯನ್ನು ನಂಬುವುದೋ ಅವರ ಕಿವಿಯನ್ನೋ ನನಗೆ ತೀರ್ಮಾನವಾಗಲಿಲ್ಲ.

ಒಂದು ವರ್ಷದಲ್ಲಿ ಹನ್ನೊಂದು ಮದುವೆ ಸಿಕ್ಕವು. ಈ ಸಲ ನಾನೇ ಪಕ್ಕದಲ್ಲಿ ಕೂತು ಬಿನ್ನಿಪೇಟೆಯ ಅಚ್ಚನ್ನು ಬಿಚ್ಚಿ, ತುಂಡುಗಳನ್ನು ಒಂದೊಂದಾಗಿ ಪೆನ್‌ಡ್ರೈವಿಗೆ ಹಾಕಿ, ಹಜಾರದ ಟೀವಿಗೆ ಚುಚ್ಚಿದೆ. ಶಿವರುದ್ರಯ್ಯನವರು ನ್ಯೂಸ್ ನಿಂತಿದ್ದಕ್ಕೆ ಹುಬ್ಬು ಗಂಟಿಕ್ಕಿದರು. "ಯಾರ ಮದುವೆ ಇದು?" ಎಂದರು. ಆಂಟಿ ಸದ್ದು ಏರಿಸಿದರು. ಆ ಜಾಗ ಬಂತು. "ಅಮ್ಮ, ಸಾಕು ಅತ್ತಿದ್ದು."

ಅಂಕಲ್ ಅಲ್ಲಾಡಲಿಲ್ಲ. ಟೀವಿಯಲ್ಲಿ ಮದುಮಗಳು ಕಾರು ಹತ್ತಿ ಹೋಗುವವರೆಗೂ ಹಾಗೇ ಕೂತಿದ್ದು, "ನೆಗಡಿ ಆಗಿತ್ತು ಅವನಿಗೆ ಅವತ್ತು," ಎಂದರು. "ಹೋಗ್ಬೇಡ ಅಂದೆ. ಒಪ್ಕೊಂಡಿದೀನಿ ಅಪ್ಪ, ಹುಡುಗಿ ಮದುವೆ, ಆಗಲ್ಲ ಅನ್ನಕ್ಕಾಗಲ್ಲ ಅಂದ." ಆಮೇಲೆ, "ಇನ್ನೊಂದ್ಸಲ ಹಾಕು," ಎಂದರು. ಆಂಟಿ ರಿಮೋಟ್ ಹಿಡಿದು ಹಿಂದಕ್ಕೆ ಓಡಿಸಿದರು. ನಾನು ಸದ್ದಾಗದ ಹಾಗೆ ಮೇಲೆ ಬಂದುಬಿಟ್ಟೆ.

ಆಮೇಲಿನ ವರ್ಷ ಆಂಟಿಗೆ ಕಿಡ್ನಿಯ ತೊಂದರೆ ಶುರುವಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್ ಎಂದಾದಾಗ ವೀಣಾ ಇಬ್ಬರನ್ನೂ ಮಲ್ಲತ್ತಹಳ್ಳಿಗೆ ಕರೆದುಕೊಂಡು ಹೋದಳು. ಕೆಳಗಿನ ಮನೆಗೆ ಬೀಗ ಬಿತ್ತು. ನಾನು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿದ್ದರು. ಬಹಳ ಇಳಿದಿದ್ದರು, ಕೈ ಮಾತ್ರ ಊದಿತ್ತು. ನಾನು ಅಷ್ಟು ದಿನ ಒಳಗೇ ಕಟ್ಟಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

"ಆಂಟಿ, ಅವತ್ತು ನಾನು ಹತ್ತು ನಿಮಿಷ ನಿಂತಿದ್ರೆ..."

"ನಿನ್ನ ಮೇಲೆ ಸಿಟ್ಟು ಬಂದಿತ್ತು ಕಣೇ," ಎಂದರು ಅವರು, ನಾನು ಮುಗಿಸುವ ಮೊದಲೇ. "ಸುಳ್ಳು ಹೇಳಲ್ಲ. ನೀನು ಮೆಟ್ಟಿಲಿಳಿಯೋ ಸದ್ದು ಕೇಳಿದ್ರೆ ಆಗ್ತಿರ್ಲಿಲ್ಲ ನನಗೆ. ಮನೆ ಬಿಡಿ ಅಂತ ಹೇಳಿಬಿಡೋಣ ಅಂತ ಎರಡು ಸಲ ಬಾಗಿಲವರೆಗೂ ಬಂದಿದ್ದೆ. ಆಮೇಲೆ ಒಂದಿನ ನೀನು ಮೇಲೆ ಅಳ್ತಿದ್ದೆ, ನನಗೆ ಕೇಳಿಸ್ತು. ಸರಿ, ನನಗೊಬ್ಬಳಿಗೇ ಅಲ್ಲ, ಇವಳಿಗೂ ಹೋಯ್ತು ಅನ್ನಿಸ್ತು. ಅಷ್ಟೇ." ಉಸಿರು ತೆಗೆದುಕೊಂಡು, "ಅದು ಬಿಡು. ಕೆಂಗೇರಿದೊಂದು ಬಾಕಿ ಇದೆಯಲ್ಲ, ಸವಿತಾದು. ಅವರತ್ತೆ ಫೋನ್ ಎತ್ತಿದ್ರು ಮೊನ್ನೆ. ಡಿಸ್ಕು ಶೋಕೇಸಲ್ಲೇ ಇದೆಯಂತೆ. ಯಾವಾಗ ಹೋಗೋಣ?" ಎಂದರು.

ಆ ಸ್ಥಿತಿಯಲ್ಲಿ ಅವರನ್ನು ಸ್ಕೂಟರಿನಲ್ಲಿ ಕೂರಿಸುವುದು ಸಾಧ್ಯವೇ ಇರಲಿಲ್ಲ. ಆದರೂ "ಬರೋ ಭಾನುವಾರ ಆಂಟಿ" ಎಂದೆ. "ಪೇಪರ್ ತಿದ್ದೋದು ಇದೆ ಅಂತ ಆಮೇಲೆ ಹೇಳ್ಬೇಡ," ಎಂದರು. ಆ ಭಾನುವಾರಕ್ಕೆ ಮುಂಚೆ, ಗುರುವಾರ ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ನಾನು ಪರೀಕ್ಷೆಯ ಕೊಠಡಿಯಲ್ಲಿದ್ದೆ, ಫೋನ್ ಹೊರಗಿಟ್ಟಿದ್ದೆ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಆಗಿತ್ತು. ಕನ್ನಡಕ ಇಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನೊಬ್ಬಳೇ ಕೆಂಗೇರಿಗೆ ಹೋದೆ. ಸವಿತಾಳ ಅತ್ತೆ ಕಾಫಿ ಕೊಟ್ಟು, ಡಿಸ್ಕನ್ನು ಸೀರೆಯ ಅಂಚಿನಿಂದ ಒರೆಸಿ ಕೊಟ್ಟರು. "ಬರ್ತೀನಿ ಅಂದಿದ್ರಲ್ಲ, ಆ ಅಮ್ಮ ಬರ್ಲಿಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಅಲ್ಲೇ ಕೂತು ಅಚ್ಚು ತೆಗೆದೆ. ಎಲ್ಲೂ ನಿಲ್ಲದೆ ಪೂರ್ತಿ ಬಂತು.

ಅಲ್ಲಿಂದ ನೇರ ಮಲ್ಲತ್ತಹಳ್ಳಿಗೆ ಹೋಗಿ, ವೀಣಾಳ ಮನೆಯ ಟೀವಿಗೆ ಹಾಕಿದೆ. ಅಂಕಲ್ ಮುಂದಕ್ಕೆ ಬಾಗಿ ಕೂತರು. ನಾವು ಮುಂದಕ್ಕೆ ಓಡಿಸದೆ ನೋಡಿದೆವು. ಎಣ್ಣೆ ಶಾಸ್ತ್ರ ಆಯಿತು, ಧಾರೆ ಆಯಿತು. ತಾಳಿ ಕಟ್ಟುವ ಹೊತ್ತಿಗೆ ಓಲಗದವರು ಕಿವಿ ಕಿತ್ತುಹೋಗುವ ಹಾಗೆ ಊದುತ್ತಿದ್ದರು. ಆ ಗದ್ದಲದ ನಡುವೆ ಎಲ್ಲೋ ಒಂದು ಗಂಡು ದನಿ ಏನೋ ಅಂದಿತು. ಎರಡು ಪದವೋ ಮೂರೋ.

"ಅಂಕಲ್, ಇದು...?"

ಅವರು ಕೈಯೆತ್ತಿ ಹಿಂದಕ್ಕೆ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ಸದ್ದು ಏರಿಸಿದೆ. ಕಿವಿಗೆ ಅಂಗೈ ಒಡ್ಡಿ ಕೇಳಿದರು. ಮತ್ತೆ ಹಾಕು ಎಂದರು. ನಾಲ್ಕು ಸಲ ಹಾಕಿದೆ. ಓಲಗ ಏರುತ್ತಿತ್ತು, ಅಕ್ಷತೆ ಬೀಳುತ್ತಿತ್ತು, ಆ ದನಿ ಬಂದು ಹೋಗುತ್ತಿತ್ತು.

ಕೊನೆಗೆ ಅವರು ಕುರ್ಚಿಗೆ ಒರಗಿಕೊಂಡರು.

"ಗೊತ್ತಾಗ್ತಿಲ್ಲಮ್ಮ," ಎಂದರು. "ಅವಳಿಗಾದ್ರೆ ಗೊತ್ತಾಗಿರೋದು."